ಕೌದಿಯ ಕೆಂಪು ಪಕ್ಕದ ಬಿಳಿಗೆ ಹತ್ತದ ಹಾಗೆ

ಹಳೆ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿಯುವ ಕೌದಿಗೆ ಕೆಂಪು ಬೇಕೇ ಬೇಕು. ಇಳಕಲ್ ಸೀರೆಯ ಸೆರಗಿನದ್ದೋ, ಗುಳೇದಗುಡ್ಡದ ಖಣದ್ದೋ, ಹಳೆ ಜಂಪರಿನ ತೋಳಿನದ್ದೋ, ಒಂದು ಕೆಂಪು ತುಂಡು ಬಂದು ಕೂತ ಮೇಲೇ ಉಳಿದ ಬಣ್ಣಗಳೂ ಎದ್ದು ಕಾಣುವುದು. ಆದರೆ ಬಣ್ಣ ಬಿಡುವ ವಿಷಯದಲ್ಲೂ ಕೆಂಪೇ ಮುಂದು. ಅದರ ಪಕ್ಕದಲ್ಲಿ ಬಿಳಿ ಧೋತರದ ತುಂಡಿದ್ದರೆ ಮೊದಲ ಒಗೆತದಲ್ಲೇ ಅದು ಗುಲಾಬಿ ಆಗಿಬಿಡುತ್ತದೆ.

ನಮ್ಮ ಮನೆಯಲ್ಲಿ ಹಾಗೇ ಆಯಿತು. ತಂಗಿಯ ಮಗಳ ಬಾಣಂತನದಲ್ಲಿ ಯಾರೋ ಒಂದು ಕೌದಿ ಉಡುಗೊರೆ ಕೊಟ್ಟಿದ್ದರು. ಕೈಹೊಲಿಗೆ, ಒತ್ತೊತ್ತಾದ ಟಾಕಿ, ನಾಲ್ಕೂ ಮೂಲೆಗೆ ಕೆಂಪು ತ್ರಿಕೋನ. ಎಳೆ ಮಗುವಿನ ಹಾಸಿಗೆ ಅಂದಮೇಲೆ ಒಗೆಯದೆ ಇರಲಿಕ್ಕಾಗುತ್ತದೆಯೇ? ಒಗೆದು, ಹಿಂಡಿ, ಮಡಿಸಿ ಬಕೆಟ್ಟಿನಲ್ಲಿಟ್ಟಿದ್ದು ಸ್ವಲ್ಪ ಹೊತ್ತು ಹಾಗೇ ಉಳಿಯಿತು. ತಂತಿಗೆ ಹಾಕುವಾಗ ಬಿಡಿಸಿ ನೋಡಿದರೆ ಬಿಳಿ ತುಂಡುಗಳ ಮೇಲೆಲ್ಲ ಕೆಂಪು ಕಲೆ. "ದೊಡ್ಡವ್ವಾ, ಇದಕ್ಕ ಏನರ ಮಾಡಾಕ ಬರ್ತೈತೇನು?" ಅಂತ ಅವಳು ಫೋನ್ ಮಾಡಿದಾಗ ನಾನು ಅದೇ ಮಗುವಿಗೆ ಇನ್ನೊಂದು ಕೌದಿ ಹೊಲಿಯಲು ಬಟ್ಟೆ ಆರಿಸುತ್ತಾ ಕೂತಿದ್ದೆ. ಹೀಗೆ ಒಮ್ಮೆಲೇ ಎರಡು ಕೆಲಸ ಬಂದವು. ಆ ಕೌದಿಗೆ ಹತ್ತಿದ ಬಣ್ಣ ಬಿಡಿಸಬೇಕು, ಈ ಕೌದಿಗೆ ಹತ್ತದ ಹಾಗೆ ನೋಡಿಕೊಳ್ಳಬೇಕು.

ನಮ್ಮ ಓಣಿಯ ಕೊನೆಗೆ ಕೌದಿ ಹೊಲಿಯುವ ಅಜ್ಜಿಯೊಬ್ಬರಿದ್ದಾರೆ. ಕಣ್ಣು ಮಂಜಾಗಿದ್ದರೂ ಬೆರಳಿಗೆ ಟಾಕಿಯ ಅಳತೆ ತಪ್ಪಿಲ್ಲ. ಮೊದಲು ಅವರನ್ನೇ ಕೇಳಿದೆ. "ಅಜ್ಜಿ, ನಿಮ್ಮ ಕಾಲದಾಗ ಕೌದಿ ಬಣ್ಣ ಬಿಡತಿದ್ದಿಲ್ಲೇನ್ರಿ?"

"ಎಲ್ಲಿ ಬಣ್ಣ ಯವ್ವಾ? ಉಟ್ಟು ಉಟ್ಟು, ಒಗದು ಒಗದು ಹರದ ಸೀರಿ ಅವು. ಬಿಡೂ ಬಣ್ಣೆಲ್ಲಾ ಹಳ್ಳದಾಗ ಬಿಟ್ಟ ಬಂದಿರತಿತ್ತು. ಈಗಿನವ್ರು ಟೇಲರ್ ಅಂಗಡ್ಯಾಗಿನ ಚೂರು ತಂದು ಹೊಲಿತಾರ. ಅವಕ್ಕ ಇನ್ನೂ ನೀರ ಸೋಕಿರೂದಿಲ್ಲ."

ಆ ಮಾತಿನಲ್ಲೇ ಅರ್ಧ ಉತ್ತರ ಸಿಕ್ಕಿತು. ಕೌದಿ ಹುಟ್ಟಿದ್ದೇ ಹಳೆ ಬಟ್ಟೆಯಿಂದ. ವರ್ಷಗಟ್ಟಲೆ ಉಟ್ಟ ಸೀರೆ, ಧೋತರ, ಲಂಗ ಇನ್ನು ಉಡಲಿಕ್ಕಾಗುವುದಿಲ್ಲ ಅನ್ನುವಾಗ ಪದರದ ಮೇಲೆ ಪದರ ಹಾಸಿ ಹೊಲಿಯುತ್ತಿದ್ದರು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಹೊಲಿದು ಬರುತ್ತಾರೆ. ಅಷ್ಟು ಗಾಢ ಬಣ್ಣಗಳನ್ನು ಒಂದರ ಪಕ್ಕ ಒಂದು ಧೈರ್ಯವಾಗಿ ಇಡಲಿಕ್ಕೆ ಆಗುವುದು ಬಟ್ಟೆ ಹಳೆಯದು ಅನ್ನುವ ಕಾರಣಕ್ಕೇ. ಇನ್ನು ಹಳ್ಳದ ನೀರಿನ ವಿಷಯ. ದಸರಾ ಬಂತೆಂದರೆ ನಮ್ಮ ಕಡೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಗಂಟು ಕಟ್ಟಿ ಹಳ್ಳಕ್ಕೆ ಒಯ್ದು ಒಗೆಯುವುದು ಹಳೆ ರೂಢಿ. ಹರಿಯುವ ನೀರಿನಲ್ಲಿ ಬಿಟ್ಟ ಬಣ್ಣ ನಿಲ್ಲುವುದಿಲ್ಲ, ಮುಂದೆ ಹೋಗಿಬಿಡುತ್ತದೆ. ನಾವು ಒಂದು ಬಕೆಟ್ ನೀರಿನಲ್ಲಿ ಅದೇ ಬಣ್ಣವನ್ನು ಬಟ್ಟೆಯ ಜೊತೆ ಕೂಡಿಹಾಕುತ್ತೇವೆ.

ಅಲ್ಲಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಬಣ್ಣ ಬಿಡುವುದು ಬೇರೆ, ಹತ್ತುವುದು ಬೇರೆ. ಬಿಟ್ಟರೆ ಬಿಡಲಿ, ಹೊಲಿಯುವ ಮೊದಲೇ ಎಷ್ಟು ಬಿಡುತ್ತದೋ ಅಷ್ಟೂ ಬಿಡಲಿ. ಬಿಟ್ಟಿದ್ದು ಪಕ್ಕದ ತುಂಡಿನ ಮೇಲೆ ಕೂರದಿದ್ದರೆ ಆಯಿತು.

ಬಟ್ಟೆ ವಿಂಗಡಿಸಲು ಕೂತೆ. ಹಳೆ ಕಾಟನ್ ಸೀರೆಗಳು ಒಂದು ಗುಡ್ಡೆ. ಅಪ್ಪನ ಬಿಳಿ ಧೋತರ ಒಂದು, ಅದು ಕೌದಿಯ ಕೆಳಪದರಕ್ಕೆ ಮತ್ತು ನಡುವಿನ ಚೌಕಗಳಿಗೆ. ಜಂಪರ್ ಪೀಸಿನ ಹೊಸ ತುಂಡುಗಳು, ಒಳಪದರಕ್ಕೆ ಹಾಕುವ ಕೆಂಪು ಅಸ್ತರ್ ಬಟ್ಟೆ, ನೀಲಿ ಅಚ್ಚಿನ ಕಾಟನ್ ಒಂದಿಷ್ಟು. ಒಂದು ಚೌಕಳಿ ಲುಂಗಿ. ಮತ್ತೆ ಅಮ್ಮನ ಇಳಕಲ್ ಸೀರೆಯ ಸೆರಗು. ಹಳೆಯದಾದ ಮಾತ್ರಕ್ಕೆ ನಂಬಲಿಕ್ಕೂ ಆಗುವುದಿಲ್ಲ. ಹಬ್ಬಕ್ಕೆ ಮಾತ್ರ ಉಟ್ಟು ಪೆಟ್ಟಿಗೆಯಲ್ಲಿಟ್ಟ ಸೀರೆ ಮೂವತ್ತು ವರ್ಷದ್ದಾದರೂ ನೀರಿನ ಲೆಕ್ಕದಲ್ಲಿ ಹೊಸದೇ.

ಪ್ರತಿ ಬಟ್ಟೆಯನ್ನೂ ಎರಡು ಥರ ಪರೀಕ್ಷೆ ಮಾಡಿದೆ. ಮೊದಲನೆಯದು ಉಜ್ಜಿ ನೋಡುವುದು. ಹಳೆ ಬಿಳಿ ಬನಿಯನ್ನಿನ ತುಂಡನ್ನು ಬೆರಳಿಗೆ ಸುತ್ತಿ, ಒಣಗಿದ್ದರಿಂದ ಒಮ್ಮೆ, ಒದ್ದೆ ಮಾಡಿ ಒಮ್ಮೆ, ಗಟ್ಟಿಯಾಗಿ ಉಜ್ಜಿದೆ. ಎರಡನೆಯದಕ್ಕೆ ಸ್ವಲ್ಪ ತಾಳ್ಮೆ ಬೇಕು. ಬೆರಳುದ್ದದ ತುಂಡನ್ನು ಬಿಳಿ ಪಿಂಗಾಣಿ ಕಪ್ಪಿನಲ್ಲಿ ಬಿಸಿನೀರು ಹಾಕಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬಿಟ್ಟು, ಅರ್ಧ ಗಂಟೆ ನೆನೆಸಿದೆ. ಸ್ಟೀಲ್ ಬಟ್ಟಲಿನಲ್ಲಿ ತೆಳು ಬಣ್ಣ ಕಾಣುವುದಿಲ್ಲ, ಬಿಳಿ ಕಪ್ಪೇ ಬೇಕು. ಆಮೇಲೆ ಆ ತುಂಡನ್ನು ಹಿಂಡದೆ ಎತ್ತಿ ಬಿಳಿ ಧೋತರದ ಮೇಲಿಟ್ಟು, ಮೇಲೊಂದು ತಟ್ಟೆ ಇಟ್ಟು, ಒಣಗುವ ತನಕ ಬಿಟ್ಟೆ. ಮುಖ್ಯವಾದದ್ದು ಈ ಕೊನೆಯ ಹಂತ. ನೀರು ಬಣ್ಣಗಟ್ಟಿದ್ದನ್ನು ನೋಡಿ ಹೆದರಬೇಕಿಲ್ಲ. ಕೌದಿ ಹಾಳಾಗುವುದು ಹಸಿ ಬಟ್ಟೆ ಹಸಿ ಬಟ್ಟೆಗೆ ಒತ್ತಿಕೊಂಡು ನಿಧಾನವಾಗಿ ಒಣಗುವಾಗ. ಬಟ್ಟೆ ಗಿರಣಿಗಳ ಪ್ರಯೋಗಾಲಯದಲ್ಲೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತಾರೆ. ಬಣ್ಣದ ಬಟ್ಟೆಗೆ ಬಿಳಿ ಬಟ್ಟೆ ಸೇರಿಸಿ ಒಗೆದು, ಬಿಳಿಗೆ ಎಷ್ಟು ಹತ್ತಿತು ಅಂತ ನೋಡಿ 1ರಿಂದ 5ರ ತನಕ ಅಂಕ ಕೊಡುತ್ತಾರೆ. 5 ಬಂದರೆ ಏನೂ ಹತ್ತಿಲ್ಲ ಅಂತ ಅರ್ಥ.

ದಾರವನ್ನೂ ಮರೆಯಬಾರದು. ಕೆಂಪು ಕಾಟನ್ ದಾರದಲ್ಲಿ ಬಿಳಿ ಧೋತರದ ಮೇಲೆ ಟಾಕಿ ಹಾಕಿದರೆ, ಬಟ್ಟೆ ಸುಮ್ಮನಿದ್ದರೂ ದಾರವೇ ಗೆರೆ ಎಳೆದಂತೆ ಬಣ್ಣ ಬಿಡುತ್ತದೆ. ನನ್ನ ಹತ್ತಿರ ಇದ್ದ ಕೆಂಪು ದಾರದ ಉಂಡೆ ಪರೀಕ್ಷೆಯಲ್ಲಿ ಉಳಿಯಲಿಲ್ಲ. ಬಿಳಿ ದಾರದಲ್ಲೇ ಹೊಲಿದೆ.

ಇನ್ನು ಉಪ್ಪು. "ಕಲ್ಲುಪ್ಪಿನ ನೀರಾಗ ರಾತ್ರಿ ನೆನಿಹಾಕು, ಬಣ್ಣ ನಿಲ್ತೈತಿ" ಅಂತ ಹೇಳದವರೇ ಇಲ್ಲ. ಕೆಲವರು ವಿನೆಗರ್ ಅನ್ನುತ್ತಾರೆ, ಕೆಲವರು ಪಟಿಕ. ಹೊಸ ಸೀರೆ ತಂದಾಗ ನಮ್ಮ ಅಮ್ಮನೂ ಉಪ್ಪಿನ ನೀರಿಗೇ ಹಾಕುತ್ತಿದ್ದಳು. ಇಷ್ಟು ಜನ ಹೇಳುವುದನ್ನು ನೋಡದೆ ಬಿಡಬಾರದು ಅನ್ನಿಸಿತು. ಕೆಂಪು ಜಂಪರ್ ಪೀಸಿನಿಂದ ಒಂದೇ ಅಳತೆಯ ತುಂಡುಗಳನ್ನು ಕತ್ತರಿಸಿ, ಒಂದು ಗಾಜಿನ ಲೋಟದಲ್ಲಿ ಉಪ್ಪು ನೀರು, ಒಂದರಲ್ಲಿ ವಿನೆಗರ್ ನೀರು, ಒಂದರಲ್ಲಿ ಪಟಿಕದ ನೀರು, ಇನ್ನೊಂದರಲ್ಲಿ ಬರೀ ನೀರು ಹಾಕಿ ರಾತ್ರಿ ನೆನೆಸಿದೆ.

ಬೆಳಿಗ್ಗೆ ನೋಡಿದರೆ ಉಪ್ಪಿನ ಲೋಟದ ನೀರು ಎಲ್ಲಕ್ಕಿಂತ ತಿಳಿ. ಬರೀ ನೀರಿನ ಲೋಟ ದಾಳಿಂಬೆ ರಸದ ಹಾಗಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಉಪ್ಪೇ ಗೆದ್ದಿತು ಅನ್ನಬಹುದಿತ್ತು. ಎಲ್ಲ ತುಂಡುಗಳನ್ನೂ ತೊಳೆದು, ಬೇರೆ ಬೇರೆ ಕಪ್ಪಿನಲ್ಲಿ ಬಿಸಿನೀರು ಮತ್ತು ಪಾತ್ರೆ ಲಿಕ್ವಿಡ್‌ಗೆ ಹಾಕಿದೆ. ಉಪ್ಪಿನಲ್ಲಿದ್ದ ತುಂಡು ರಾತ್ರಿಯೆಲ್ಲ ಹಿಡಿದಿಟ್ಟುಕೊಂಡಿದ್ದ ಬಣ್ಣವನ್ನೆಲ್ಲ ಅಲ್ಲಿ ಬಿಟ್ಟಿತು. ವಿನೆಗರ್, ಪಟಿಕದ ತುಂಡುಗಳೂ ಬಿಟ್ಟವು. ಎಲ್ಲಕ್ಕಿಂತ ಕಡಿಮೆ ಬಿಟ್ಟಿದ್ದು ಬರೀ ನೀರಿನಲ್ಲಿ ನೆನೆದ ತುಂಡು, ಯಾಕೆಂದರೆ ಅದು ಬಿಡಬೇಕಾದ್ದರಲ್ಲಿ ಒಂದು ಪಾಲನ್ನು ಆಗಲೇ ಬಿಟ್ಟಾಗಿತ್ತು.

ಇದಕ್ಕೆ ಕಾರಣ ಇದೆ. ಬಣ್ಣ ಹಾಕುವವರು ಉಪ್ಪು ಬಳಸುವುದು ನಿಜ. ನೀರಿನಲ್ಲಿ ಹತ್ತಿ ನೂಲಿಗೂ ಬಣ್ಣಕ್ಕೂ ಒಂದೇ ಥರದ ಋಣ ವಿದ್ಯುದಂಶ ಇರುತ್ತದೆ, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಆ ತಳ್ಳಾಟವನ್ನು ಕಡಿಮೆ ಮಾಡಿ ಬಣ್ಣವನ್ನು ನೂಲಿನ ಕಡೆ ದಬ್ಬುತ್ತದೆ. ನೀರಿನಲ್ಲಿ ಉಪ್ಪು ಇರುವ ತನಕ ಮಾತ್ರ ಈ ಕೆಲಸ. ಉಪ್ಪು ತೊಳೆದು ಹೋದ ಮೇಲೆ ಸಡಿಲ ಬಣ್ಣ ಮೊದಲಿನ ಹಾಗೇ ಸಡಿಲ. ಆ ತಿಳಿ ನೀರು ನೋಡಿಯೇ ಇಷ್ಟು ತಲೆಮಾರು ಉಪ್ಪನ್ನು ನಂಬಿದ್ದು ಅಂತ ನನಗನ್ನಿಸುತ್ತದೆ. ಪಟಿಕಕ್ಕೂ ಅದರದೇ ಜಾಗ ಇದೆ. ಮಂಜಿಷ್ಠದಂಥ ಗಿಡಮೂಲದ ಬಣ್ಣ ಬಟ್ಟೆಗೆ ಹಿಡಿಯಬೇಕಾದರೆ ಪಟಿಕ ಬೇಕು, ಕಲಂಕಾರಿಯವರು ಬಳಸುತ್ತಾರೆ. ವಿನೆಗರ್ ಕೆಲಸಕ್ಕೆ ಬರುವುದು ರೇಷ್ಮೆ, ಉಣ್ಣೆಗೆ ಹಾಕುವ ಆಸಿಡ್ ಬಣ್ಣಗಳಿಗೆ. ಅಂಗಡಿಯಿಂದ ತಂದ ಕಾಟನ್ ಜಂಪರ್ ಪೀಸಿಗೆ ಇವು ಯಾವುವೂ ಸಂಬಂಧಪಟ್ಟವಲ್ಲ.

ಈಗಿನ ಕಾಟನ್ ಬಟ್ಟೆಗೆ ಜಾಸ್ತಿ ಬಳಸುವುದು ರಿಯಾಕ್ಟಿವ್ ಬಣ್ಣ. 1956ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಪ್ರೋಸಿಯಾನ್ ಅನ್ನುವ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇದು ಹತ್ತಿಯ ನೂಲಿನ ಜೊತೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ. ಬೆಸೆದುಕೊಂಡದ್ದು ಸಾಮಾನ್ಯ ಒಗೆತಕ್ಕೆ ಬಿಡುವುದಿಲ್ಲ. ಆದರೆ ಬಣ್ಣದ ತೊಟ್ಟಿಯಲ್ಲಿ ಒಂದಿಷ್ಟು ಭಾಗ ನೂಲಿನ ಬದಲು ನೀರಿನ ಜೊತೆಗೇ ಕೂಡಿಕೊಂಡಿರುತ್ತದೆ. ಅದಕ್ಕೆ ಇನ್ನು ನೂಲನ್ನು ಹಿಡಿಯುವ ಶಕ್ತಿ ಇಲ್ಲ. ಉಪ್ಪು ಹಾಕಿ, ಹುಳಿ ಹಾಕಿ, ಆ ಶಕ್ತಿ ಮರಳಿ ಬರುವುದಿಲ್ಲ. ಬಣ್ಣ ಹಾಕುವ ಕಾರ್ಖಾನೆಯಲ್ಲೇ ಕುದಿಯುವಷ್ಟು ಬಿಸಿಯಾದ ಸೋಪು ನೀರಿನಲ್ಲಿ ಬಟ್ಟೆಯನ್ನು ಮತ್ತೆ ಮತ್ತೆ ತೊಳೆದು ಅದನ್ನು ತೆಗೆಯಬೇಕು. ನೀರು, ಉರುವಲು, ಸಮಯ ಎಲ್ಲಕ್ಕೂ ದುಡ್ಡು. ಅಲ್ಲಿ ತೊಳೆಯದೆ ಬಿಟ್ಟಿದ್ದೇ ನಮ್ಮ ಬಕೆಟ್ಟಿಗೆ ಬರುವುದು. ಅಂದರೆ ಮನೆಯಲ್ಲಿ ನಾವು ಮಾಡಬೇಕಾದ್ದು ಕಾರ್ಖಾನೆಯ ಆ ಉಳಿದ ಕೆಲಸವನ್ನು.

ಹಾಗೇ ಮಾಡಿದೆ. ಬಿಸಿನೀರು, ಸೋಪು, ಧಾರಾಳ ನೀರು.

ಧಾರವಾಡದಲ್ಲಿ ಧಾರಾಳ ನೀರು ಅಂದರೆ ಅದಕ್ಕೆ ಮೊದಲು ತಯಾರಿ ಬೇಕು. ಮಲಪ್ರಭೆಯ ನಳದ ನೀರು ಬರುವ ದಿನವನ್ನೇ ಕಾದೆ. ಬೋರ್‌ವೆಲ್ ನೀರು ಕೈಗೆ ಸಿಕ್ಕರೂ ಈ ಕೆಲಸಕ್ಕೆ ಅದು ಆಗಿಬರುವುದಿಲ್ಲ. ಗಡಸು ನೀರಿನ ಸುಣ್ಣದ ಅಂಶ ಸಡಿಲ ಬಣ್ಣ ಸುಲಭವಾಗಿ ಬಿಟ್ಟುಹೋಗಲು ಅಡ್ಡಿ ಮಾಡುತ್ತದೆ, ಸೋಪಿನ ಜೊತೆ ಸೇರಿ ಜಿಗುಟು ಪದರವನ್ನೂ ಕಟ್ಟುತ್ತದೆ. ಮಳೆಗಾಲವಾದರೆ ಮಾಳಿಗೆಯ ನೀರು ಹಿಡಿದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹೊಸ ತುಂಡುಗಳ ಅಂಚಿಗೆ ಮಷೀನಿನಲ್ಲಿ ಜಿಗ್‌ಜಾಗ್ ಹೊಡೆದುಕೊಂಡೆ, ಇಲ್ಲವಾದರೆ ಬಿಸಿನೀರಿನಲ್ಲಿ ನೂಲು ಬಿಟ್ಟು ಗಂಟುಗಂಟಾಗಿ ಸಿಕ್ಕಿಕೊಳ್ಳುತ್ತದೆ. ಮೊದಲು ತಣ್ಣೀರಿನಲ್ಲಿ ನೆನೆಸಿ ಗಂಜಿ ಬಿಡಿಸಿದೆ. ಗಂಜಿ ಇದ್ದರೆ ಬಣ್ಣವೂ ಅದರ ಜೊತೆ ಅಂಟಿಕೊಂಡು ಕೂರುತ್ತದೆ. ಆಮೇಲೆ ಕೆಂಪೆಲ್ಲ ಒಂದು ಕಡೆ, ನೀಲಿ ಒಂದು ಕಡೆ, ಹಳದಿ ಹಸಿರು ಒಂದು ಕಡೆ ಮಾಡಿ, ದೊಡ್ಡ ಬಕೆಟ್ಟಿನಲ್ಲಿ ಬಟ್ಟೆ ಸಡಿಲವಾಗಿ ತೇಲಾಡುವಷ್ಟು ನೀರು ಹಾಕಿದೆ. ಗೀಸರಿನ ನೀರಿಗೆ ಒಲೆಯ ಮೇಲೆ ಕಾಯಿಸಿದ್ದನ್ನು ಬೆರೆಸಿ ಕೈ ಇಡಲಾಗದಷ್ಟು ಬಿಸಿ ಮಾಡಿದೆ, 60 ಡಿಗ್ರಿಯ ಆಸುಪಾಸು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಮುಚ್ಚಳ. ಬಟ್ಟೆ ಒಗೆಯುವ ಪುಡಿಯಲ್ಲಿ ಬೆಳ್ಳಗೆ ಹೊಳೆಯಿಸುವ ಪದಾರ್ಥಗಳೂ ಇರುತ್ತವೆ, ಅವು ಇಲ್ಲಿ ಬೇಡ. ಲಿಕ್ವಿಡ್‌ನ ಕೆಲಸ ಕೊಳೆ ತೆಗೆಯುವುದಷ್ಟೇ ಅಲ್ಲ. ಬಿಟ್ಟ ಬಣ್ಣವನ್ನು ನೀರಿನಲ್ಲೇ ಹಿಡಿದಿಟ್ಟು, ತಿರುಗಿ ಬಟ್ಟೆಯ ಮೇಲೆ ಕೂರದ ಹಾಗೆ ಅದು ನೋಡಿಕೊಳ್ಳುತ್ತದೆ.

ಎಲ್ಲರಿಗೂ ಹೇಳಬೇಕಾದ ಒಂದು ವಿಷಯ ಇಲ್ಲಿದೆ. ಬಟ್ಟೆ ಪೂರ್ತಿ ಮುಳುಗಿರಲೇಬೇಕು. ನೆನೆದ ಬಟ್ಟೆಯೊಳಗೆ ಗಾಳಿ ಸೇರಿ ಅಲ್ಲಲ್ಲಿ ಗುಳ್ಳೆಯಂತೆ ಉಬ್ಬಿ ನೀರಿನ ಮೇಲೆ ಬರುತ್ತದೆ. ಉಬ್ಬಿದ ಆ ಭಾಗ ಆರುತ್ತಾ ಕೆಳಗಿನಿಂದ ಬಣ್ಣದ ನೀರನ್ನು ಹೀರಿಕೊಳ್ಳುತ್ತದೆ, ಅದರ ಅಂಚಿನಲ್ಲಿ ಗಾಢವಾದ ಗೆರೆ ಬೀಳುತ್ತದೆ. ಮೇಲೊಂದು ಸ್ಟೀಲ್ ತಟ್ಟೆ ಕವುಚಿಟ್ಟು, ಅದರ ಮೇಲೆ ನೀರು ತುಂಬಿದ ಚೊಂಬು ಇಟ್ಟೆ. ನಡುನಡುವೆ ಕೋಲಿನಿಂದ ತಿರುವಿದೆ.

ನೀರು ಬೆಚ್ಚಗಿರುವಾಗಲೇ ಚೆಲ್ಲಿ ಹೊಸ ಬಿಸಿನೀರು ಹಾಕುತ್ತಾ ಹೋದೆ. ಮೊದಲ ನೀರು ರಕ್ತಗೆಂಪು, ಆಮೇಲಿನದು ಗುಲಾಬಿ, ಆಮೇಲೆ ತೆಳು ಗುಲಾಬಿ. ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿದಾಗ ತಿಳಿಯಾಗಿ ಕಾಣುವ ತನಕ ಬಿಡಲಿಲ್ಲ. ಹಳದಿ ಹಸಿರಿನದ್ದು ಬೇಗ ಮುಗಿಯಿತು. ತೊಳೆದದ್ದನ್ನು ಗುಡ್ಡೆ ಹಾಕದೆ ಒಂದೊಂದಾಗಿ ಕೊಡವಿ ನೆರಳಿನಲ್ಲಿ ಹರವಿದೆ. ಒಣಗಿದ ಮೇಲೆ ಒದ್ದೆ ತುಂಡನ್ನು ಧೋತರದ ಮೇಲೆ ಒತ್ತಿಡುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದೆ. ಜಂಪರ್ ಪೀಸಿನ ಕೆಂಪು ಪಾಸಾಯಿತು. ಬಟ್ಟೆಯ ಬಣ್ಣ ಮಾಸಿತಾ ಅಂತ ಕೇಳಿದರೆ ಇಲ್ಲ, ಕೆಂಪು ಕೆಂಪಾಗಿಯೇ ಇತ್ತು. ಕುಗ್ಗುವುದಿದ್ದರೆ ಅದೂ ಈಗಲೇ ಕುಗ್ಗಿಕೊಂಡಿತು, ಹೊಲಿದ ಮೇಲೆ ಸುಕ್ಕು ಬೀಳುವ ಚಿಂತೆ ಇಲ್ಲ.

ಕೆಂಪು ಅಸ್ತರ್ ಬಟ್ಟೆ ಮಾತ್ರ ಮಣಿಯಲಿಲ್ಲ. ಎಷ್ಟು ನೀರು ಬದಲಿಸಿದರೂ ಮೊದಲಿನಷ್ಟೇ ಕೆಂಪು. ಬಟ್ಟೆಯ ಬಣ್ಣ ತೆಳುವಾಗುತ್ತಾ ಬರುತ್ತಿತ್ತೇ ಹೊರತು ನೀರು ತಿಳಿಯಾಗಲಿಲ್ಲ. ಹೀಗೆ ನಿಲ್ಲದೆ ಬಿಡುವುದು ಡೈರೆಕ್ಟ್ ಬಣ್ಣದ ಲಕ್ಷಣ. 1880ರ ದಶಕದಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಕಾಂಗೋ ರೆಡ್‌ನಿಂದ ಶುರುವಾದ ಈ ಜಾತಿಯ ಬಣ್ಣಗಳು ಅಗ್ಗ, ಬಣ್ಣ ಹಾಕುವುದೂ ಸುಲಭ. ಆದರೆ ನೂಲಿಗೆ ಬೆಸೆದುಕೊಳ್ಳುವುದಿಲ್ಲ, ಸುಮ್ನೆ ಒರಗಿಕೊಂಡಿರುತ್ತವೆ. ಅಂದಹಾಗೆ ಆ ಕಾಂಗೋ ರೆಡ್‌ಗೆ ಹುಳಿ ತಾಗಿದರೆ ನೀಲಿಗೆ ತಿರುಗುತ್ತದೆ, ಅದಕ್ಕೆ ವಿನೆಗರ್ ಹಾಕುವವರು ಜೋಪಾನ. ಇಂಥ ಬಟ್ಟೆಯಲ್ಲಿ ಪ್ರತಿ ಒಗೆತಕ್ಕೂ ಒಂದಿಷ್ಟು ಬಣ್ಣ ಹೋಗುತ್ತಲೇ ಇರುತ್ತದೆ.

ಇದಕ್ಕೆ ಡೈ ಫಿಕ್ಸರ್ ಅಂತ ಸಿಗುತ್ತದೆ. ನೂಲಿಗೆ ಬಣ್ಣ ಮಾರುವ ಅಂಗಡಿಯಲ್ಲಿ ತಂದೆ. ಇದು ಧನ ವಿದ್ಯುದಂಶದ ದ್ರವ, ಬಣ್ಣವನ್ನು ಹಿಡಿದು ನೀರಿನಲ್ಲಿ ಕರಗದ ಹಾಗೆ ಮಾಡುತ್ತದೆ. ಉಪ್ಪಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ, ತೊಳೆದ ಮೇಲೂ ಇದರ ಕೆಲಸ ಉಳಿಯುತ್ತದೆ. ಬಿಸಿನೀರಿನಲ್ಲಿ ಬೆರೆಸಿ ಅಸ್ತರ್ ತುಂಡನ್ನು ನೆನೆಸಿದೆ. ಪರೀಕ್ಷೆಯಲ್ಲಿ ಬಿಳಿಗೆ ಹತ್ತಿದ್ದು ತುಂಬಾ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ದೊಡ್ಡವರ ಕೌದಿಯಾಗಿದ್ದರೆ, ಪಕ್ಕದಲ್ಲಿ ಮರೂನ್, ಕಪ್ಪು ಇದ್ದಿದ್ದರೆ ಬಳಸುತ್ತಿದ್ದೆ. ಇದು ಎಳೆ ಮಗುವಿನದು. ಕೌದಿಯ ಮೂಲೆ ಸಿಕ್ಕರೆ ಬಾಯಿಗೇ ಹೋಗುತ್ತದೆ. ಅಸ್ತರ್ ಬಟ್ಟೆಯನ್ನು ಈ ಕೌದಿಯಿಂದ ಕೈಬಿಟ್ಟೆ. ಯಾವ ಬಟ್ಟೆ ಬೇಡ ಅಂತ ತೀರ್ಮಾನ ಮಾಡುವುದೂ ಈ ಕೆಲಸದ ಒಂದು ಭಾಗ ಅಂತ ನಾನು ನಂಬಿದ್ದೇನೆ. ಬಟ್ಟೆ ಹಾಳಾಗುತ್ತದಲ್ಲ ಅಂತ ಮರುಗಿ ಅದನ್ನು ಸೇರಿಸಿದರೆ ಪೂರ್ತಿ ಕೌದಿಗೇ ಅಪಾಯ.

ನೀಲಿ ಅಚ್ಚಿನ ಬಟ್ಟೆಯ ರೀತಿಯೇ ಬೇರೆ. ನೀರು ಅಷ್ಟೇನೂ ಬಣ್ಣ ಆಗಲಿಲ್ಲ, ಉಜ್ಜಿದ ಬನಿಯನ್ ತುಂಡು ಮಾತ್ರ ನೀಲಿಯಾಯಿತು. ನೀಲಿ ಗಿಡದ ಬಣ್ಣ, ಅಂದರೆ ಇಂಡಿಗೊ, ನೀರಿನಲ್ಲಿ ಕರಗುವುದೇ ಇಲ್ಲ. ಸಣ್ಣ ಕಣಗಳಾಗಿ ನೂಲಿನೊಳಗೂ ಮೇಲೂ ಕೂತಿರುತ್ತದೆ. ಮೇಲಿನದು ಉಜ್ಜಿದರೆ ಉದುರುತ್ತದೆ. ಇದನ್ನು ಬೇರೆಯಾಗಿಯೇ ಒಗೆದು, ಕೈಯಲ್ಲಿ ಕುಕ್ಕಿ ಕುಕ್ಕಿ ಮೇಲಿನ ಪುಡಿ ತೆಗೆದೆ. ಕೌದಿಯಲ್ಲಿ ಅದನ್ನು ಬಿಳಿಯಿಂದ ದೂರ, ಹಸಿರಿನ ಪಕ್ಕ ಇಟ್ಟೆ.

ಚೌಕಳಿ ಲುಂಗಿ ಹಳೆಯದು, ಏನೂ ಬಿಡಲಿಲ್ಲ. ಅದನ್ನು ಒಗೆಯುವಾಗ ಎಲ್ಲೋ ಓದಿದ್ದು ನೆನಪಾಯಿತು. 1960ರ ದಶಕದಲ್ಲಿ ಅಮೆರಿಕದಲ್ಲಿ ನಮ್ಮ ಮದ್ರಾಸ್ ಚೌಕಳಿ ಬಟ್ಟೆಯನ್ನು ಅದು ಬಣ್ಣ ಬಿಡುತ್ತದೆ ಅನ್ನುವ ಕಾರಣಕ್ಕೇ ಮೆಚ್ಚಿ ಕೊಳ್ಳುತ್ತಿದ್ದರಂತೆ. ಪ್ರತಿ ಒಗೆತಕ್ಕೂ ಚೌಕಗಳು ಒಂದರೊಳಗೊಂದು ಬೆರೆತು ಅಂಗಿ ಹೊಸದಾಗಿ ಕಾಣುತ್ತದೆ ಅಂತ. ಅಂಗಿಗೆ ಅದು ಸರಿಯಿರಬಹುದು. ಕೌದಿ ಹೊಲಿಯುವವರು ಒಂದೊಂದು ತುಂಡನ್ನೂ ನೋಡಿ ನೋಡಿ ಇಟ್ಟಿರುತ್ತಾರೆ, ಇಲ್ಲಿ ಬೆರೆತರೆ ಆ ಕೆಲಸವೇ ಅಳಿಸಿಹೋಗುತ್ತದೆ.

ಜಾಸ್ತಿ ಯೋಚನೆ ಹಚ್ಚಿದ್ದು ಇಳಕಲ್ ಸೆರಗು. ಟೋಪ್ ತೆನೆ ಸೆರಗಿನಲ್ಲಿ ಕೆಂಪು ರೇಷ್ಮೆಯ ನಡುವೆ ಬಿಳಿಯ ತೆನೆಗಳು ಸಾಲಾಗಿ ನಿಂತಿರುತ್ತವೆ, ಕೋಟೆಯ ಗೋಪುರದಂತೆ ಮೊನೆ ಮೊನೆಯಾಗಿ. ಕೆಂಪಿಗೂ ಬಿಳಿಗೂ ನಡುವೆ ಒಂದು ಎಳೆಯಷ್ಟೂ ಜಾಗ ಇಲ್ಲ. ಕೆಂಪು ಸ್ವಲ್ಪ ಹರಿದರೂ ಮೊದಲು ಮಂಕಾಗುವುದು ಆ ಬಿಳಿ ಮೊನೆಗಳೇ. ರೇಷ್ಮೆಗೆ 60 ಡಿಗ್ರಿಯ ನೀರು ತೋರಿಸಬಾರದು, ಹೊಳಪು ಹೋಗುತ್ತದೆ. ಅಂಟುವಾಳದ ಕಾಯಿ ನೆನೆಸಿ ಕಿವುಚಿ, ನೊರೆ ಬಂದ ನೀರನ್ನು ಸೋಸಿ, ಒಂದು ಮೂಲೆಯನ್ನು ಮಾತ್ರ ಅದ್ದಿ ನೋಡಿದೆ. ನೀರು ಸ್ವಲ್ಪ ಕೆಂಪಾಯಿತು. ತಕ್ಷಣ ಎತ್ತಿ ಎರಡು ಟವೆಲ್ಲಿನ ನಡುವೆ ಒತ್ತಿ ಒಣಗಿಸಿದೆ, ತೆನೆ ಬಿಳಿಯಾಗಿಯೇ ಉಳಿಯಿತು. ಅಷ್ಟು ನೋಡಿದ್ದು ಸಾಕಾಯಿತು. ಮಗುವಿನ ಕೌದಿಯನ್ನು ವಾರಕ್ಕೊಮ್ಮೆಯಾದರೂ ಬಿಸಿನೀರಿನಲ್ಲಿ ಒಗೆಯಬೇಕು, ಅಮ್ಮನ ಸೆರಗು ಆ ಪಾಡು ಪಡುವುದು ಬೇಡ. ಅದನ್ನು ಮಗುವಿನ ಕುಂಚಿಗೆಯ ಅಂಚಿಗೆ ತೆಗೆದಿಟ್ಟೆ. ಕುಂಚಿಗೆಯನ್ನು ಹಬ್ಬಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಮಾತ್ರ ಹಾಕುತ್ತಾರೆ, ಕೈಯಲ್ಲೇ ನಾಜೂಕಾಗಿ ಒಗೆಯಬಹುದು.

ಅಷ್ಟರಲ್ಲಿ ತಂಗಿಯ ಮಗಳು ಕಲೆಯಾದ ಕೌದಿಯನ್ನು ಕಳಿಸಿಕೊಟ್ಟಿದ್ದಳು. ಫೋನಿನಲ್ಲೇ ಅವಳಿಗೆ ಹೇಳಿದ್ದು ಒಂದೇ, "ಇಸ್ತ್ರಿ ಮಾಡಬ್ಯಾಡ, ಬ್ಲೀಚ್ ಹಚ್ಚಬ್ಯಾಡ." ಬ್ಲೀಚ್ ಹಾಕಿದರೆ ಗುಲಾಬಿ ಕಲೆಯ ಜೊತೆ ಮೂಲೆಯ ಕೆಂಪು ತ್ರಿಕೋನಗಳೂ ಬೆಳ್ಳಗಾಗುತ್ತವೆ, ಹಳೆ ಸೀರೆಯ ನೂಲು ಇನ್ನಷ್ಟು ಸೊರಗುತ್ತದೆ. ಬಿಳಿಗೆ ಹತ್ತಿದ ಬಣ್ಣವೂ ನೂಲಿಗೆ ಬೆಸೆದಿಲ್ಲ, ಸುಮ್ನೆ ಬಂದು ಕೂತಿದೆ ಅಷ್ಟೇ. ಅದು ಬಂದ ದಾರಿಯಲ್ಲೇ ಹೋಗಬೇಕು.

ನೀರು ತುಂಬಿಡುವ ಪ್ಲಾಸ್ಟಿಕ್ ಡ್ರಮ್ಮನ್ನೇ ಖಾಲಿ ಮಾಡಿದೆ, ಬಕೆಟ್ಟಿನಲ್ಲಿ ಕೌದಿ ಸಡಿಲವಾಗಿ ಕೂರುವುದಿಲ್ಲ. ಬಿಸಿನೀರು, ಅರ್ಧ ಕಪ್ಪಿನಷ್ಟು ಪಾತ್ರೆ ಲಿಕ್ವಿಡ್. ಕೌದಿಯನ್ನು ಮಡಿಸದೆ ಇಳಿಬಿಟ್ಟು, ಮುಳುಗಿಸಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಡ್ರಮ್ಮಿನ ನೀರು ಪೂರ್ತಿ ಕೆಂಪು. ನೋಡಿದರೆ ಎದೆ ಝಲ್ಲೆನ್ನುವಷ್ಟು. ಆದರೆ ಕೌದಿಯ ಬಿಳಿ ತುಂಡನ್ನು ಎತ್ತಿ ಬೆಳಕಿಗೆ ಹಿಡಿದರೆ ಕಲೆ ಅರ್ಧಕ್ಕೆ ಇಳಿದಿತ್ತು. ಒಣಗಲು ಬಿಡದೆ, ಮಡಿಸದೆ, ನೀರು ಚೆಲ್ಲಿ ಮತ್ತೆ ಬಿಸಿನೀರು, ಮತ್ತೆ ಲಿಕ್ವಿಡ್. ನಳದ ನೀರು ಎರಡನೇ ಸಲ ಬಂದಾಗ ಮತ್ತೆ. ಕೊನೆಗೆ ಡ್ರಮ್ಮಿನ ನೀರು ತಿಳಿಯಾಗಿಯೇ ಉಳಿಯಿತು. ಬಿಳಿ ತುಂಡುಗಳು ಬಿಳಿಯಾದವು. ಒಂದು ಮೂಲೆಯಲ್ಲಿ, ತ್ರಿಕೋನದ ಹೊಲಿಗೆಗೆ ಒತ್ತಿಕೊಂಡ ಕಡೆ, ತೆಳುವಾದ ಗುಲಾಬಿ ಛಾಯೆ ಉಳಿದಿದೆ. ಹೇಳದಿದ್ದರೆ ಯಾರಿಗೂ ಕಾಣುವುದಿಲ್ಲ.

ಹೊಸ ಕೌದಿ ಹೊಲಿಯುವುದು ಮುಗಿದ ಮೇಲೆ ಅಜ್ಜಿಗೆ ತೋರಿಸಲು ಒಯ್ದಿದ್ದೆ. ಕೆಂಪು ತುಂಡಿನ ಮೇಲೆ ಬೆರಳಿಗೆ ಎಂಜಲು ಹಚ್ಚಿ ಉಜ್ಜಿದರು. ಬೆರಳು ನೋಡಿಕೊಂಡರು. "ಛಲೋ ಮಾಡೀದಿ. ಆದ್ರ ಒಣಗ್ಸೂ ಮುಂದ ನೆಪ್ಪಿಡು, ಹೊಟ್ಟಿಯೊಳಗ ಹಸಿ ಉಳೀಬಾರ್ದು" ಅಂದರು. ಕೌದಿಗೆ ನಾಲ್ಕೈದು ಪದರ. ಮೇಲ್ಮೈ ಒಣಗಿದ್ದರೂ ಒಳಗೆ ರಾತ್ರಿಯೆಲ್ಲ ತಂಪು ಇರುತ್ತದೆ. ಉಳಿದ ಸ್ವಲ್ಪ ಸಡಿಲ ಬಣ್ಣ ಹರಿದಾಡುವುದು ಆಗಲೇ.

ಮೊದಲ ಒಗೆತವನ್ನು ನಾನೇ ಮಾಡಿದೆ. ಬಿಸಿನೀರು, ಲಿಕ್ವಿಡ್, ಕೌದಿಯ ಜೊತೆಗೊಂದು ಬಿಳಿ ಕರವಸ್ತ್ರ. ಕರವಸ್ತ್ರ ಬಿಳಿಯಾಗಿಯೇ ಹೊರಬಂತು. ಹಿಂಡದೆ ನೀರು ಸೋರಲು ಬಿಟ್ಟು, ಮಾಳಿಗೆಯ ಮೇಲೆ ಬೆಳಿಗ್ಗೆ ಎಂಟಕ್ಕೇ ಒಣಹಾಕಿದೆ. ಒಂದೇ ತಂತಿಗೆ ಮಡಚಿ ಹಾಕಿದರೆ ಎರಡು ಮಗ್ಗುಲೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅದಕ್ಕೇ ಎರಡು ತಂತಿಗಳ ಮೇಲೆ ಚಪ್ಪರದಂತೆ ಹರವಿ, ಕೆಳಗಿನಿಂದಲೂ ಗಾಳಿಯಾಡುವ ಹಾಗೆ ಮಾಡಿದೆ. ಮಧ್ಯಾಹ್ನ ಒಮ್ಮೆ ಹೊರಳಿಸಿ ಹಾಕಿದೆ. ಸಂಜೆ ನಡುವಿನ ಚೌಕವನ್ನು ಎರಡು ಅಂಗೈ ನಡುವೆ ಒತ್ತಿ ನೋಡಿದೆ, ಇನ್ನೂ ಸ್ವಲ್ಪ ತಂಪಿತ್ತು. ಮಡಿಸದೆ ಒಳಗೆ ತಂದು, ಫ್ಯಾನಿನ ಕೆಳಗೆ ಮಂಚದ ಮೇಲೆ ಹರವಿ, ಮರುದಿನ ಮತ್ತೆ ಬಿಸಿಲಿಗೆ ಹಾಕಿದೆ.